ಓಡಲು ಮನಸ್ಸೇ ಬಾರದಿದ್ದಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪದಕದ ಆಸೆಯಿಲ್ಲದೆ, ಆರೋಗ್ಯಕ್ಕೆಂದೋ ಖುಷಿಗೆಂದೋ ವಾರದಲ್ಲಿ ಮೂರ್ನಾಲ್ಕು ದಿನ ಓಡುವವರು ಬರೆದ ಪತ್ರಗಳಿವು. ದೂರು ಹೆಚ್ಚುಕಡಿಮೆ ಒಂದೇ: ಓಡಬೇಕೆಂಬುದು ಗೊತ್ತು, ಕಾಲು ಮಾತ್ರ ಮನೆಯಿಂದ ಆಚೆ ಬೀಳುತ್ತಿಲ್ಲ. ಹಲವರು ತಮ್ಮನ್ನು ತಾವೇ ಸೋಮಾರಿ ಎಂದು ಬೈದುಕೊಂಡಿದ್ದಾರೆ. ಆದರೆ ಪತ್ರದಲ್ಲಿ ಅವರೇ ಕೊಟ್ಟ ವಿವರ ನೋಡಿದರೆ ಎಡವಟ್ಟು ಇರುವುದು ಓಡುವ ವೇಗದಲ್ಲಿ, ವಾರದ ಲೆಕ್ಕದಲ್ಲಿ, ಇಲ್ಲವೇ ವಿಶ್ರಾಂತಿಯಲ್ಲಿ. ಮನಸ್ಸನ್ನು ದೂರುವ ಮೊದಲು ಅವನ್ನು ಸರಿಮಾಡೋಣ.

ಪ್ರಶ್ನೆ: ವರ್ಷಕ್ಕೆ ಎರಡು ಮೂರು ಸಲ ಓಟ ಶುರುಮಾಡುತ್ತೇನೆ. ಮೊದಲ ವಾರ ಭಾರೀ ಹುಮ್ಮಸ್ಸು. ಮೂರನೇ ವಾರಕ್ಕೆ ಶೂ ಕಂಡರೇ ಬೇಸರ. ಓಡುವ ದಿನವೆಲ್ಲ 5 ಕಿ.ಮೀ.ಯನ್ನು ಸುಮಾರು 32 ನಿಮಿಷದಲ್ಲಿ ಮುಗಿಸುತ್ತೇನೆ, ಕೊನೆಯಲ್ಲಿ ಮಾತಾಡಲೂ ಆಗುವುದಿಲ್ಲ. ನನ್ನದು ಬರೀ ಆರಂಭಶೂರತನವೇ?

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯದಲ್ಲೇ ಉತ್ತರವಿದೆ. ಮಾತಾಡಲೂ ಆಗದಷ್ಟು ಏದುಸಿರು ಬರುತ್ತಿದೆ ಎಂದರೆ ನೀವು ಓಡುವ ದಿನವೆಲ್ಲ ಸಣ್ಣದೊಂದು ರೇಸ್ ಓಡುತ್ತಿದ್ದೀರಿ. ಒಂದು ಮಟ್ಟ ದಾಟಿದ ಮೇಲೆ ವ್ಯಾಯಾಮ ಹಿತವೆನಿಸುವುದು ಬಹುತೇಕ ಎಲ್ಲರಲ್ಲೂ ಕಡಿಮೆಯಾಗುತ್ತಾ ಹೋಗುತ್ತದೆ. ಉಸಿರು ಹದ ತಪ್ಪಿ, ವಾಕ್ಯ ತುಂಡಾಗುವ ಹಂತವದು. ವಾರಗಟ್ಟಲೆ ಹಾಗೇ ಓಡಿದರೆ ಮನಸ್ಸು ಓಟವನ್ನು ಸಂಕಟದ ಜೊತೆ ಗಂಟುಹಾಕಿಬಿಡುತ್ತದೆ. ಆಮೇಲೆ ಶೂ ಕಂಡರೆ ಬೇಸರ ಬರುವುದು ಸಹಜ.

5 ಕಿ.ಮೀ.ಗೆ 32 ನಿಮಿಷ ಎಂದರೆ ಕಿಲೋಮೀಟರಿಗೆ 6 ನಿಮಿಷ 24 ಸೆಕೆಂಡು. ಇದು ನಿಮ್ಮ ಪೂರ್ಣ ಪ್ರಯತ್ನದ ವೇಗ. ಸುಲಭದ ಓಟಕ್ಕೆ ಇದಕ್ಕೆ 75ರಿಂದ 90 ಸೆಕೆಂಡು ಸೇರಿಸಿ: ಕಿಲೋಮೀಟರಿಗೆ 7 ನಿಮಿಷ 40 ಸೆಕೆಂಡಿನಿಂದ 7 ನಿಮಿಷ 55 ಸೆಕೆಂಡಿನ ಆಸುಪಾಸು. ಶುರುವಿನಲ್ಲಿ ಇದು ನಾಚಿಕೆಯಾಗುವಷ್ಟು ನಿಧಾನ ಎನಿಸುತ್ತದೆ. ಹಾಗೆ ಅನಿಸಿದರೆ ವೇಗ ಸರಿಯಾಗಿದೆ ಎಂದೇ ತಿಳಿಯಿರಿ.

ಗಡಿಯಾರಕ್ಕಿಂತ ನಂಬಬಹುದಾದ ಅಳತೆ ನಿಮ್ಮ ಬಾಯಲ್ಲೇ ಇದೆ. ಓಟದ ನಡುವೆ, ಹತ್ತನೇ ನಿಮಿಷದ ನಂತರ, ಹತ್ತು ಹನ್ನೆರಡು ಪದಗಳ ಒಂದು ವಾಕ್ಯವನ್ನು ಜೋರಾಗಿ ಹೇಳಿ. ನಿಲ್ಲದೆ ಹೇಳಿ ಮುಗಿಸಿ, ಆಮೇಲೆ ಸಾವಕಾಶವಾಗಿ ಉಸಿರೆಳೆದುಕೊಂಡರೆ ಸುಲಭದ ವೇಗ. ನಡುವೆ ಒಂದು ಸಲ ಉಸಿರು ಕದ್ದುಕೊಳ್ಳಬೇಕಾದರೆ ಮಧ್ಯಮ. ಮೂರು ಮೂರು ಪದಕ್ಕೆ ತುಂಡಾದರೆ ಕಠಿಣ. ಮನಸ್ಸಿನಲ್ಲೇ ಹೇಳಿಕೊಂಡರೆ ಪ್ರಯೋಜನವಿಲ್ಲ, ದನಿ ಹೊರಗೆ ಬರಲೇಬೇಕು. ಉಸಿರಿನ ಲಯ ಬದಲಾಗುವುದು ಆಗಲೇ. ಸಲೀಸಾಗಿ ಹೇಳಲಾಗದಿದ್ದರೆ ನಡೆಯಿರಿ. ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ ಎಂದು ಮೊದಲೇ ನಿಗದಿ ಮಾಡಿಕೊಂಡು ಓಡಿದರೆ ಇನ್ನೂ ಒಳ್ಳೆಯದು. ಸುಸ್ತಾದ ಮೇಲೆ ನಡೆದರೆ ಸೋತಂತೆ ಅನಿಸುತ್ತದೆ, ಸುಸ್ತಾಗುವ ಮೊದಲೇ ನಡೆದರೆ ಅದು ಯೋಜನೆಯ ಭಾಗ.

ಇನ್ನೊಂದು ಸಂಗತಿ. ಓಟದ ಮೊದಲ ಕೆಲವು ನಿಮಿಷ ಯಾರಿಗಾದರೂ ಅತ್ಯಂತ ಕಷ್ಟದ ಹೊತ್ತು. ಸ್ನಾಯುಗಳು ತಕ್ಷಣ ಆಮ್ಲಜನಕ ಕೇಳುತ್ತವೆ, ಹೃದಯ ಮತ್ತು ಶ್ವಾಸಕೋಶ ಆ ಬೇಡಿಕೆಗೆ ಹೊಂದಿಕೊಳ್ಳಲು ಒಂದೆರಡು ನಿಮಿಷವಾದರೂ ಬೇಕು. ಬಾಗಿಲಿಂದಲೇ ಜೋರಾಗಿ ಹೊರಟರೆ ಈ ಅಂತರ ಹಿಗ್ಗುತ್ತದೆ, ಉಸಿರು ಮೇಲೆ ಬರುತ್ತದೆ, ‘ಇವತ್ತು ನನ್ನ ಕೈಲಾಗದು’ ಎಂಬ ತೀರ್ಮಾನ ಮೊದಲ ಕಿಲೋಮೀಟರಿನಲ್ಲೇ ಆಗಿಹೋಗುತ್ತದೆ. 5 ನಿಮಿಷ ಬಿರುಸಾಗಿ ನಡೆದು, ಆಮೇಲೆ 5 ನಿಮಿಷ ಅತಿ ನಿಧಾನ ಓಡಿ, ನಂತರ ನಿಮ್ಮ ಸುಲಭ ವೇಗಕ್ಕೆ ಬನ್ನಿ. ಕೊನೆಯ ಭಾಗದಲ್ಲೂ ಇದೇ ಎಚ್ಚರ ಬೇಕು. ಕೊನೆಯ 500 ಮೀಟರ್ ಹಲ್ಲುಕಚ್ಚಿ ಓಡಿ ಮುಗಿಸುವ ಚಟ ಅನೇಕರಿಗಿದೆ. ಮುಗಿದ ಬಗೆ ನೆನಪಿನಲ್ಲಿ ಉಳಿಯುತ್ತದೆ, ಆ ನೆನಪೇ ನಾಳೆಯ ಮನಸ್ಸನ್ನು ತೀರ್ಮಾನಿಸುತ್ತದೆ. ಕೊನೆಯ ಐದು ನಿಮಿಷ ವೇಗ ಇಳಿಸುತ್ತಾ ಬನ್ನಿ.

ಮುಂದಿನ ಆರು ವಾರ 5 ಕಿ.ಮೀ. ಎಂಬ ಅಂಕಿಯನ್ನೇ ಮರೆತು ನಿಮಿಷದ ಲೆಕ್ಕದಲ್ಲಿ ಓಡಿ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಎರಡು ದಿನ 30 ನಿಮಿಷ, ಒಂದು ದಿನ 35. ಆ ಉದ್ದದ ಓಟಕ್ಕೆ ಎರಡು ವಾರಕ್ಕೊಮ್ಮೆ 5 ನಿಮಿಷ ಸೇರಿಸಿದರೆ ಸಾಕು. ಎರಡನೇ ವಾರದಲ್ಲಿ ಹುರುಪು ಉಕ್ಕಿ ‘ಐದು ದಿನ ಓಡಿಬಿಡೋಣ’ ಎನಿಸುತ್ತದೆ. ಬೇಡ. ಇನ್ನೂ ಸ್ವಲ್ಪ ಓಡಬಹುದಿತ್ತು ಎಂಬ ಆಸೆ ಉಳಿಸಿಕೊಂಡು ಮನೆಗೆ ಬನ್ನಿ.

ಪ್ರಶ್ನೆ: ರಾತ್ರಿ ಮಲಗುವಾಗ ನಾಳೆ ಓಡಿಯೇ ತೀರುತ್ತೇನೆ ಎಂದುಕೊಳ್ಳುತ್ತೇನೆ. ಬೆಳಗ್ಗೆ ಅಲಾರಂ ಆರಿಸಿ ಮತ್ತೆ ಮಲಗುತ್ತೇನೆ. 21 ದಿನ ಬಿಡದೆ ಮಾಡಿದರೆ ಅಭ್ಯಾಸವಾಗುತ್ತದಂತೆ, ನನಗೆ ಐದು ದಿನವೂ ದಾಟುತ್ತಿಲ್ಲ.

ಉತ್ತರ: 21 ದಿನದ ಮಾತನ್ನು ಬಿಟ್ಟುಬಿಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸವೊಂದು ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಹಿಡಿದ ಕಾಲದ ಮಧ್ಯಮ ಅಂಕಿ 66 ದಿನ. ಜನರ ನಡುವಿನ ಅಂತರ ದೊಡ್ಡದು: 18 ದಿನದಿಂದ ಹಿಡಿದು ಅಂದಾಜು 254 ದಿನದವರೆಗೆ. ಊಟದ ಜೊತೆ ನೀರು ಕುಡಿಯುವಂಥ ಸಣ್ಣ ಅಭ್ಯಾಸಕ್ಕಿಂತ ವ್ಯಾಯಾಮಕ್ಕೆ ಹೆಚ್ಚು ಕಾಲ ಬೇಕಾಯಿತು. ನಿಮಗೆ ಮುಖ್ಯವಾದ ಮಾತು ಇದು: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗಲಿಲ್ಲ.

ಆದ್ದರಿಂದ ‘ಬಿಡದೆ’ ಎಂಬ ಷರತ್ತನ್ನು ಮೊದಲು ತೆಗೆಯಿರಿ. ದಿನದ ಸರಪಳಿ ಒಮ್ಮೆ ಕಡಿದರೆ ಎಲ್ಲವೂ ಹೋಯಿತು ಎನಿಸಿ ಕೈಚೆಲ್ಲುವವರೇ ಹೆಚ್ಚು. ನಾಲ್ಕು ವಾರದ ಲೆಕ್ಕ ಇಟ್ಟುಕೊಳ್ಳಿ: 12 ಓಟದ ಗುರಿ, 10 ಆದರೂ ಪಾಸು. ಎರಡು ಓಟ ತಪ್ಪಿಸಿಕೊಳ್ಳುವ ಅವಕಾಶ ಮೊದಲೇ ಲೆಕ್ಕದಲ್ಲಿರುವುದರಿಂದ ಜ್ವರ ಬಂದರೂ, ಮನೆಗೆ ನೆಂಟರು ಬಂದರೂ ಲೆಕ್ಕ ಕೆಡುವುದಿಲ್ಲ.

ಇನ್ನು ಅಲಾರಂ ವಿಷಯ. ‘ನಾಳೆ ಓಡುತ್ತೇನೆ’ ಎಂಬುದು ಬರೀ ಆಸೆ. ಅದರಲ್ಲಿ ಎಷ್ಟು ಹೊತ್ತಿಗೆ, ಎಲ್ಲಿಂದ, ಯಾವುದರ ಬೆನ್ನಿಗೆ ಎಂಬ ಯಾವ ವಿವರವೂ ಇಲ್ಲ. ಮನಃಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ 1990ರ ದಶಕದಲ್ಲಿ ವಿವರಿಸಿದ ಉಪಾಯ ಇಲ್ಲಿ ಕೆಲಸಕ್ಕೆ ಬರುತ್ತದೆ: ‘ಹೀಗಾದರೆ, ಹೀಗೆ ಮಾಡುತ್ತೇನೆ’ ಎಂಬ ವಾಕ್ಯವನ್ನು ಮೊದಲೇ ಬರೆದಿಡುವುದು. ‘ಹಲ್ಲುಜ್ಜಿ ಮುಗಿದ ಕೂಡಲೇ ಶೂ ಕಟ್ಟಿಕೊಂಡು ಬಾಗಿಲು ತೆರೆಯುತ್ತೇನೆ.’ ‘ಮಳೆ ಜೋರಾಗಿದ್ದರೆ ಸಂಜೆ ಆರಕ್ಕೆ ಓಡುತ್ತೇನೆ.’ ‘ಅರ್ಧ ಗಂಟೆ ತಡವಾದರೆ 15 ನಿಮಿಷ ಮಾತ್ರ ಓಡುತ್ತೇನೆ.’ ಮೂರನೆಯದನ್ನು ಮರೆಯಬೇಡಿ. ಪೂರ್ತಿ ಓಟಕ್ಕೆ ಸಮಯವಿಲ್ಲ ಎಂದು ಇಡೀ ಓಟವನ್ನೇ ಕೈಬಿಡುವುದು ಮಾಮೂಲಿ ತಪ್ಪು.

ರಾತ್ರಿಯೇ ಬಟ್ಟೆ, ಕಾಲುಚೀಲ, ಶೂ, ಮನೆ ಕೀಲಿ, ವಾಚು ಎಲ್ಲವನ್ನೂ ಒಂದೇ ಕಡೆ ಇಡಿ. ಅರೆನಿದ್ದೆಯಲ್ಲಿ ಎರಡನೇ ಕಾಲುಚೀಲ ಹುಡುಕಬೇಕಾಗಿ ಬಂದರೆ ಅಷ್ಟು ಸಾಕು, ಹಾಸಿಗೆ ವಾಪಸು ಕರೆಯುತ್ತದೆ. ಅಲಾರಂ ಇಟ್ಟ ಫೋನು ಆ ಬಟ್ಟೆಯ ಮೇಲೇ ಇರಲಿ, ಎದ್ದು ಹೋಗಿಯೇ ಆರಿಸಬೇಕು. ಎದ್ದ ಮೇಲೂ ಮನಸ್ಸಿಲ್ಲದಿದ್ದರೆ ಹತ್ತು ನಿಮಿಷದ ಒಪ್ಪಂದ ಮಾಡಿಕೊಳ್ಳಿ: ಹತ್ತು ನಿಮಿಷ ನಿಧಾನ ಓಡಿ, ಆಗಲೂ ಬೇಡವೆನಿಸಿದರೆ ಅಳುಕಿಲ್ಲದೆ ಮನೆಗೆ ಬರಬಹುದು. ಒಪ್ಪಂದ ಪ್ರಾಮಾಣಿಕವಾಗಿರಬೇಕು. ವಾಪಸು ಬಂದ ದಿನ ನಿಮ್ಮನ್ನು ಬೈದುಕೊಂಡರೆ ಮುಂದಿನ ಸಲ ಅದು ಕೆಲಸ ಮಾಡುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಬೆಳಗ್ಗೆ ಏಳಲಾಗದಿದ್ದರೆ ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡುತ್ತಿದ್ದೀರಿ ಎಂದು ನೋಡಿ. ಆರು ಗಂಟೆಗಿಂತ ಕಡಿಮೆ ನಿದ್ದೆಯಲ್ಲಿ ಅಲಾರಂ ಆರಿಸುವ ಕೈಯನ್ನು ದೂರಬೇಡಿ. ಸಂಜೆ ಓಡಿ. ಬೆಳಗಿನ ಓಟವೇ ಶ್ರೇಷ್ಠ ಎಂಬ ನಿಯಮ ಎಲ್ಲೂ ಇಲ್ಲ.

ಪ್ರಶ್ನೆ: ಒಂದೂವರೆ ವರ್ಷದಿಂದ ತಪ್ಪದೆ ಓಡುತ್ತಿದ್ದೇನೆ. ಆರು ತಿಂಗಳಿಂದ ಸಮಯ ಒಂದು ಸೆಕೆಂಡೂ ಇಳಿದಿಲ್ಲ. ವಾಚು ನೋಡಿದರೆ ಸುಲಭದ ಓಟದಲ್ಲೂ ಎದೆಬಡಿತ 172. ಪ್ರಗತಿಯಿಲ್ಲದೆ ಯಾಕೆ ಓಡಬೇಕು ಅನಿಸುತ್ತಿದೆ.

ಉತ್ತರ: ಮೊದಲು ಆ 172 ನಿಜವೋ ಅಲ್ಲವೋ ನೋಡೋಣ. ಮಣಿಕಟ್ಟಿನ ವಾಚು ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು, ರಕ್ತ ಹರಿದಂತೆಲ್ಲ ಹಿಂದಿರುಗುವ ಬೆಳಕು ಏರಿಳಿಯುವುದನ್ನು ಎಣಿಸುತ್ತದೆ. ಪಟ್ಟಿ ಸಡಿಲವಿದ್ದರೆ ಪ್ರತಿ ಹೆಜ್ಜೆಗೂ ವಾಚು ಕುಲುಕಿ ಬೆಳಕು ಏರುಪೇರಾಗುತ್ತದೆ. ಆಗ ಯಂತ್ರ ನಾಡಿಯ ಬದಲು ಹೆಜ್ಜೆಯನ್ನೇ ಎಣಿಸುವುದುಂಟು. ಬಹಳ ಓಟಗಾರರ ಹೆಜ್ಜೆಯ ಗತಿ ನಿಮಿಷಕ್ಕೆ 160ರಿಂದ 180, ಆದ್ದರಿಂದ ಸುಳ್ಳು ಅಂಕಿಯೂ ನಿಜದಂತೆಯೇ ಕಾಣುತ್ತದೆ.

ಪರೀಕ್ಷೆ ಸುಲಭ. ಓಡುತ್ತಾ ಬಲಗಾಲು ನೆಲಕ್ಕೆ ಬೀಳುವುದನ್ನು 30 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. 43 ಬಂದರೆ 172 ಹೆಜ್ಜೆ. ವಾಚಿನ ಎದೆಬಡಿತವೂ ಅಲ್ಲೇ ಅಂಟಿಕೊಂಡಿದ್ದು, ನೀವು ಸಲೀಸಾಗಿ ಮಾತಾಡುತ್ತಿದ್ದೀರಿ ಎಂದರೆ ಅಂಕಿಯ ಮೇಲೆ ಸಂಶಯಪಡಿ. ನಿಂತು, ಕತ್ತಿನ ಪಕ್ಕದ ನಾಡಿಯನ್ನು ಎರಡು ಬೆರಳಲ್ಲಿ ಮುಟ್ಟಿ ತಕ್ಷಣ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಖಚಿತವಾಗುತ್ತದೆ. ಪರಿಹಾರ: ವಾಚನ್ನು ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಗಲ ಮೇಲಕ್ಕೆ ಸರಿಸಿ, ಜಾರದಷ್ಟು ಬಿಗಿಮಾಡಿ. ಚಳಿಯಲ್ಲಿ ಕೈಗೆ ರಕ್ತ ಕಡಿಮೆ ಬರುವುದರಿಂದ ಮೊದಲ ಹತ್ತು ನಿಮಿಷದ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅಂಕಿ ನಿಮಗೆ ಮುಖ್ಯವೆನಿಸಿದರೆ ಎದೆಗೆ ಕಟ್ಟುವ ಪಟ್ಟಿಯೇ ಒಳ್ಳೆಯದು. ಜಿಪಿಎಸ್ ಕೂಡ ಎತ್ತರದ ಕಟ್ಟಡ, ದಟ್ಟ ಮರಗಳ ನಡುವೆ ತಪ್ಪುತ್ತದೆ; ಆ ಕ್ಷಣದ ವೇಗ ತೋರಿಸುವ ಅಂಕಿ ಬಿಟ್ಟು ಇಡೀ ಕಿಲೋಮೀಟರಿನ ಸರಾಸರಿ ನೋಡಿ.

ಈಗ ಪ್ರಗತಿ. ಒಂದೇ ದಾರಿ, ಒಂದೇ ದೂರ, ಒಂದೇ ವೇಗವಾದರೆ ದೇಹ ಅದಕ್ಕೆ ಹೊಂದಿಕೊಂಡು ಅಲ್ಲೇ ನಿಲ್ಲುತ್ತದೆ. ಅದು ದೇಹ ಮಾಡಬೇಕಾದ ಕೆಲಸವೇ. ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ನಡುವಿನ ವೇಗದಲ್ಲಿ: ಸುಧಾರಿಸಿಕೊಳ್ಳುವಷ್ಟು ನಿಧಾನವೂ ಅಲ್ಲ, ಹೊಸ ಸಾಮರ್ಥ್ಯ ಬರುವಷ್ಟು ಜೋರೂ ಅಲ್ಲ. ವಾರದ ನಾಲ್ಕು ಓಟಗಳಲ್ಲಿ ಮೂರನ್ನು ನಿಜಕ್ಕೂ ಸುಲಭ ಮಾಡಿ, ಒಂದರಲ್ಲಿ ಮಾತ್ರ ಜೋರು ಇರಲಿ. ಆ ಒಂದು ದಿನಕ್ಕೆ ಮೂರು ಬಗೆ ಕೊಡುತ್ತೇವೆ, ಆರು ವಾರ ಒಂದನ್ನೇ ಹಿಡಿದುಕೊಳ್ಳಿ, ಆಮೇಲೆ ಬದಲಿಸಿ.

ಮೊದಲನೆಯದು ಸ್ಟ್ರೈಡ್ಸ್. 25 ನಿಮಿಷ ಸುಲಭದ ಓಟದ ನಂತರ ಸಮತಟ್ಟು ಜಾಗದಲ್ಲಿ 20 ಸೆಕೆಂಡು ಚುರುಕಾಗಿ, ಆದರೆ ಭುಜ, ದವಡೆ ಸಡಿಲ ಬಿಟ್ಟು ಓಡಿ. 60ರಿಂದ 90 ಸೆಕೆಂಡು ನಡೆಯಿರಿ. ನಾಲ್ಕು ಸಲದಿಂದ ಶುರುಮಾಡಿ ಆರಕ್ಕೆ ಏರಿಸಿ. ಪ್ರಾಣ ಹೋಗುವಂತೆ ಓಡಬಾರದು, ಇನ್ನೂ ಒಂದು ಗೇರು ಉಳಿದಿರಬೇಕು. ಬೇಸರಕ್ಕೆ ಇದರಷ್ಟು ಅಗ್ಗದ ಮದ್ದು ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಸುಸ್ತು ಮಾಡದೆ ವೇಗದ ಸುಖ ಕೊಡುತ್ತದೆ.

ಎರಡನೆಯದು ಫಾರ್ಟ್‌ಲೆಕ್. ಸ್ವೀಡನ್ನಿನ ತರಬೇತುದಾರ ಯೋಸ್ಟ ಹೋಲ್ಮರ್ 1930ರ ದಶಕದಲ್ಲಿ ರೂಪಿಸಿದ ಪದ್ಧತಿ. ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡು 1 ನಿಮಿಷ ಜೋರು, 2 ನಿಮಿಷ ನಿಧಾನ, ಆರು ಸಲ. ನಿಮಿಷ ಲೆಕ್ಕ ಹಾಕುವುದು ಬೇಡವಾದರೆ ಆ ತಿರುವಿನ ತನಕ ಜೋರು, ಮುಂದಿನ ಕಂಬದ ತನಕ ನಿಧಾನ ಎಂದು ಮನಸ್ಸಿಗೆ ತೋಚಿದಂತೆ ಓಡಬಹುದು. ಮೂರನೆಯದು ಟೆಂಪೊ: 6 ನಿಮಿಷ ಕಷ್ಟವೆನಿಸಿದರೂ ಹಿಡಿತ ತಪ್ಪದ ವೇಗದಲ್ಲಿ, 2 ನಿಮಿಷ ನಡಿಗೆ, ಮೂರು ಸಲ. ಇಲ್ಲಿ ಎಲ್ಲರೂ ಮೊದಲ ಆರು ನಿಮಿಷವನ್ನು ಅತಿ ಜೋರಾಗಿ ಓಡಿ ಮೂರನೆಯದರಲ್ಲಿ ಕುಸಿಯುತ್ತಾರೆ. ಮೂರನೆಯದೇ ಅತಿ ವೇಗದ್ದಾಗಿರಬೇಕು ಎಂದುಕೊಂಡು ಓಡಿ.

ಪ್ರಗತಿ ಅಳೆಯುವುದು ದಿನವೂ ಬೇಡ, ನಾಲ್ಕು ವಾರಕ್ಕೊಮ್ಮೆ ಸಾಕು. ಒಂದೇ 3 ಕಿ.ಮೀ. ದಾರಿ, ಒಂದೇ ಹೊತ್ತು, ಹಿಂದಿನ ದಿನ ಬಿಡುವು. ಎದೆಬಡಿತ 145 ದಾಟದಂತೆ ಓಡಿ ಎಷ್ಟು ನಿಮಿಷವಾಯಿತು ಎಂದು ಬರೆದಿಡಿ (145 ಬರೀ ಉದಾಹರಣೆ, ನೀವು ಸಲೀಸಾಗಿ ಮಾತಾಡಬಲ್ಲ ಬಡಿತ ಯಾವುದೋ ಅದನ್ನೇ ಹಿಡಿಯಿರಿ). ಅದೇ ಬಡಿತದಲ್ಲಿ ಸಮಯ ಇಳಿದರೆ ನಿಮ್ಮ ದಮ್ಮು ಬೆಳೆದಿದೆ, 5 ಕಿ.ಮೀ.ಯ ದಾಖಲೆ ಅಲುಗದಿದ್ದರೂ. ಸೆಕೆಯ ದಿನದ ಫಲಿತಾಂಶವನ್ನು ತಂಪು ದಿನದ ಜೊತೆ ಹೋಲಿಸಬೇಡಿ. ಮೈ ತಂಪಾಗಿಸಲು ರಕ್ತ ಚರ್ಮದ ಕಡೆ ಹರಿಯುವುದರಿಂದ ಅದೇ ವೇಗಕ್ಕೆ ಬಡಿತ ಏರುತ್ತದೆ. ಬಿಸಿಲಿಗೆ ದೇಹ ಒಗ್ಗಲು 10ರಿಂದ 14 ದಿನ ಬೇಕು.

ವಾರದಲ್ಲಿ ಒಂದು ಓಟವನ್ನಾದರೂ ವಾಚಿಲ್ಲದೆ ಓಡಿ. ಆ ಓಟ ಎಲ್ಲೂ ದಾಖಲಾಗುವುದಿಲ್ಲ, ಯಾರೂ ಲೈಕ್ ಒತ್ತುವುದಿಲ್ಲ. ಮೊದಲ ಎರಡು ಮೂರು ವಾರ ಏನೋ ಕಳೆದುಕೊಂಡಂತೆ ಅನಿಸಿದರೆ, ನೀವು ಓಡುತ್ತಿದ್ದದ್ದು ಯಾರಿಗಾಗಿ ಎಂಬುದೂ ಸ್ವಲ್ಪ ತಿಳಿಯುತ್ತದೆ.

ಪ್ರಶ್ನೆ: ಹೊಸ ಶೂ ಕೊಂಡರೆ ಹುರುಪು ಬರುತ್ತದೆಯೇ?

ಉತ್ತರ: ಬರುತ್ತದೆ, ಎರಡು ವಾರ. ಈಗಿನ ಜೋಡಿ 500ರಿಂದ 800 ಕಿ.ಮೀ. ಓಡಿದ್ದರೆ, ಅಟ್ಟೆಯ ನಡುಪದರ ಒತ್ತಿದರೆ ಮರಳಿ ಏಳದಿದ್ದರೆ, ಹಿಮ್ಮಡಿಯ ಒಂದು ಪಕ್ಕ ಸವೆದು ಶೂ ಓರೆಯಾಗಿ ನಿಲ್ಲುತ್ತಿದ್ದರೆ ಬದಲಿಸಿ. ಅವು ಸರಿಯಿದ್ದರೆ ಕೊಳ್ಳುವ ಅಗತ್ಯವಿಲ್ಲ. ಆದರೆ ಕಚ್ಚುವ ಶೂ, ಒದ್ದೆಯಾಗಿ ತೊಡೆ ಉಜ್ಜುವ ಚಡ್ಡಿ, ಕುಲುಕುವ ಫೋನಿನ ಪಟ್ಟಿ ಇವನ್ನೆಲ್ಲ ಸಹಿಸಿಕೊಂಡು ಓಡಬೇಡಿ. ಇಂಥ ಸಣ್ಣ ಕಿರಿಕಿರಿಗಳು ಸದ್ದಿಲ್ಲದೆ ಓಟವನ್ನು ಬಿಡಿಸುತ್ತವೆ.

ಪ್ರಶ್ನೆ: ಜ್ವರ, ಆಮೇಲೆ ಕೆಲಸದ ಒತ್ತಡ ಎಂದು ಮೂರು ವಾರ ಓಡಲಿಲ್ಲ. ನಿನ್ನೆ ಹೋದರೆ ಎರಡು ಕಿಲೋಮೀಟರಿಗೇ ಉಸಿರು ಹೋಯಿತು. ಮಾಡಿದ್ದೆಲ್ಲ ನೀರುಪಾಲಾಯಿತೇ?

ಉತ್ತರ: ಇಲ್ಲ. ಓಟ ನಿಲ್ಲಿಸಿದಾಗ ಮೊದಲು ಇಳಿಯುವುದು ರಕ್ತದ ದ್ರವಭಾಗ. ಕೆಲವೇ ದಿನಗಳಲ್ಲಿ ಕಡಿಮೆಯಾಗುತ್ತದೆ. ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತ ಇಳಿಯುವುದರಿಂದ ಅದೇ ವೇಗಕ್ಕೆ ಹೆಚ್ಚು ಸಲ ಬಡಿಯಬೇಕಾಗುತ್ತದೆ. ನಿಮಗಾದ ಉಸಿರುಗಟ್ಟುವಿಕೆಯಲ್ಲಿ ಇದರ ಪಾಲು ದೊಡ್ಡದು, ಓಟ ಮತ್ತೆ ಶುರುವಾದರೆ ಬೇಗ ಮರಳಿ ಬರುವುದೂ ಇದೇ. ಚೆನ್ನಾಗಿ ಪಳಗಿದ ಏಳು ಮಂದಿಯ ಮೇಲೆ ನಡೆದು 1984ರಲ್ಲಿ ಪ್ರಕಟವಾದ ಹೆಸರಾಂತ ಅಧ್ಯಯನದಲ್ಲಿ, ಪೂರ್ತಿ ನಿಲ್ಲಿಸಿದ 21 ದಿನಗಳಲ್ಲಿ ಗರಿಷ್ಠ ಆಮ್ಲಜನಕ ಬಳಕೆ ಇಳಿದದ್ದು ಶೇ. 7, 56 ದಿನದ ಹೊತ್ತಿಗೆ ಶೇ. 16ಕ್ಕೆ ಬಂದು ಅಲ್ಲೇ ನಿಂತಿತು. ಮೂರು ವಾರ ಬಿಟ್ಟರೂ ಬಹುಪಾಲು ನಿಮ್ಮಲ್ಲೇ ಉಳಿದಿದೆ.

ತಪ್ಪಾದದ್ದು ನಿನ್ನೆ ಹಳೆಯ ವೇಗದಲ್ಲೇ ಹೊರಟದ್ದು. ಮೊದಲ ವಾರ ಮೂರು ದಿನ, ಹಿಂದೆ ಓಡುತ್ತಿದ್ದ ಸಮಯದ ಅರ್ಧ, 3 ನಿಮಿಷ ಓಟ 1 ನಿಮಿಷ ನಡಿಗೆ. ಎರಡನೇ ವಾರ ಮೂರರಲ್ಲಿ ಎರಡು ಪಾಲು. ಮೂರನೇ ವಾರ ಶೇ. 80. ನಾಲ್ಕನೆಯದರಲ್ಲಿ ಹಳೆಯ ಲೆಕ್ಕಕ್ಕೆ ಬನ್ನಿ, ಜೋರಿನ ಓಟ ಆಮೇಲೆ. ದಮ್ಮು ಎರಡು ವಾರದಲ್ಲಿ ಮರಳುತ್ತದೆ, ಸ್ನಾಯುರಜ್ಜು ಮತ್ತು ಮೂಳೆ ಇನ್ನೂ ಹಿಂದೆ ಇರುತ್ತವೆ. ಉಸಿರು ಸರಿಹೋಯಿತು ಎಂದು ಹಾರಿದವರಿಗೆ ಮೊಣಕಾಲ ಕೆಳಗಿನ ಮೂಳೆಯ ಅಂಚು, ಹಿಮ್ಮಡಿ ನೋಯಲು ಶುರುವಾಗುವುದು ಇದೇ ಹಂತದಲ್ಲಿ. ತಪ್ಪಿದ ಓಟಗಳನ್ನು ಸಾಲದಂತೆ ತೀರಿಸಲು ಹೋಗಬೇಡಿ, ಅವು ಹೋದವು.

ಜ್ವರದ ಬಗ್ಗೆ ಒಂದು ಮಾತು ಖಡಾಖಂಡಿತ. ಮೈ ಬೆಚ್ಚಗಿರುವಾಗ, ಮೈಕೈ ನೋವಿರುವಾಗ, ಎದೆಯಲ್ಲಿ ಕಫ ಕಟ್ಟಿರುವಾಗ ಓಡಬಾರದು. ಗುಣವಾದ ಮೇಲೂ ಎದೆನೋವು, ತಲೆಸುತ್ತು, ಎದೆ ಡವಗುಟ್ಟುವುದು, ನಡೆದರೂ ಮೇಲುಸಿರು ಇವುಗಳಲ್ಲಿ ಯಾವುದಾದರೂ ಇದ್ದರೆ ಓಟ ನಿಲ್ಲಿಸಿ ವೈದ್ಯರನ್ನು ನೋಡಿ.

ಪ್ರಶ್ನೆ: ನಾನು ನಾಲ್ಕು ವರ್ಷದಿಂದ ಓಡುತ್ತಿರುವ ಮಹಿಳೆ, ವಯಸ್ಸು 34. ಎರಡು ತಿಂಗಳಿಂದ ಓಡಲು ಮನಸ್ಸೇ ಇಲ್ಲ. ಕಾಲು ಸೀಸದಂತೆ ಭಾರ, ನಿದ್ದೆ ಸರಿಯಿಲ್ಲ, ಸಣ್ಣದಕ್ಕೂ ರೇಗುತ್ತೇನೆ. ತೂಕ ಇಳಿಸಲು ಊಟ ಕಡಿಮೆ ಮಾಡಿದ್ದೇನೆ, ಓಟ ಹೆಚ್ಚಿಸಿದ್ದೇನೆ. ಸೋಮಾರಿತನ ಮೀರುವುದು ಹೇಗೆ?

ಉತ್ತರ: ಅಕ್ಕರೆಯಿಂದ ಹೇಳುತ್ತಿದ್ದೇವೆ, ನಿಮ್ಮದು ಸೋಮಾರಿತನವೆಂದು ನಮಗೆ ಅನಿಸುವುದಿಲ್ಲ. ನೀವು ಬರೆದಿರುವುದು ಖರ್ಚು ಹೆಚ್ಚಾಗಿ ಜಮೆ ಕಡಿಮೆಯಾದ ದೇಹದ ಲಕ್ಷಣಗಳು. ಇಂಥ ಹೊತ್ತಿನಲ್ಲಿ ಹುರಿದುಂಬಿಸುವ ಮಾತು ಕೇಳಿ ಇನ್ನಷ್ಟು ಓಡಿದರೆ ಕೆಡುವುದೇ ಹೆಚ್ಚು.

ಬೇಸರಕ್ಕೂ ದಣಿವಿಗೂ ವ್ಯತ್ಯಾಸ ತಿಳಿಯುವುದು ಹೀಗೆ. ಮೇಲೆ ಹೇಳಿದ ಹತ್ತು ನಿಮಿಷದ ಒಪ್ಪಂದ ಮಾಡಿ ನೋಡಿ. ಬರೀ ಬೇಸರವಾದರೆ ಹತ್ತು ನಿಮಿಷದಲ್ಲಿ ಮೈ ಬಿಸಿಯಾಗಿ ಮನಸ್ಸು ತಿಳಿಯಾಗುತ್ತದೆ. ನಿಜವಾದ ದಣಿವಾದರೆ ಹತ್ತನೇ ನಿಮಿಷದಲ್ಲಿ ಮೊದಲಿಗಿಂತ ಭಾರ. ಎರಡನೆಯದು, ಬೆಳಗ್ಗೆ ಕಣ್ಣು ಬಿಟ್ಟ ಮೇಲೆ ಮಲಗಿದಲ್ಲೇ ಒಂದು ನಿಮಿಷ ನಾಡಿ ಎಣಿಸಿ, ಒಂದು ವಾರ ಬರೆದಿಡಿ. ಚೆನ್ನಾಗಿದ್ದ ದಿನಗಳ ಅಂಕಿ ನಿಮ್ಮ ಬಳಿ ಇದ್ದು, ಈಗ ಸತತವಾಗಿ 8-10 ಬಡಿತ ಹೆಚ್ಚಿದ್ದರೆ ಅದು ಎಚ್ಚರಿಕೆ. ಅಂಕಿ ಸರಿಯಿದ್ದ ಮಾತ್ರಕ್ಕೆ ಎಲ್ಲವೂ ಸರಿಯೆಂದಲ್ಲ. ನಿದ್ದೆ ಮತ್ತು ರೇಗಾಟ ನಾಡಿಗಿಂತ ಮೊದಲೇ ಹೇಳಿಬಿಡುತ್ತವೆ.

ಓಟದ ಖರ್ಚಿಗೆ ತಕ್ಕಷ್ಟು ಊಟವಿಲ್ಲದಿದ್ದರೆ ದೇಹ ಉಳಿತಾಯಕ್ಕಿಳಿಯುತ್ತದೆ: ಹಾರ್ಮೋನು, ಮೂಳೆ, ರೋಗನಿರೋಧಕ ಶಕ್ತಿ, ಮನಃಸ್ಥಿತಿ ಎಲ್ಲಕ್ಕೂ ಕತ್ತರಿ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ಇದಕ್ಕೆ ರೆಡ್-ಎಸ್ ಎಂದು ಹೆಸರಿಟ್ಟರು. ಗಂಡಸರಲ್ಲೂ, ಹವ್ಯಾಸಿಗಳಲ್ಲೂ ಆಗುತ್ತದೆ. ಮುಟ್ಟು ಏರುಪೇರಾಗಿದ್ದರೆ ಅಥವಾ ಮೂರು ತಿಂಗಳಿಂದ ನಿಂತಿದ್ದರೆ (ಗರ್ಭಿಣಿಯಲ್ಲದಿದ್ದರೆ) ತಡಮಾಡದೆ ವೈದ್ಯರ ಬಳಿ ಹೋಗಿ. ರಕ್ತಪರೀಕ್ಷೆ ಮಾಡಿಸುವಾಗ ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್, ಥೈರಾಯ್ಡ್, ವಿಟಮಿನ್ ಬಿ12 ಬಗ್ಗೆಯೂ ಕೇಳಿ. ಹಿಮೋಗ್ಲೋಬಿನ್ ಸರಿಯಿದ್ದು, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಮಾತ್ರ ತಳ ಮುಟ್ಟಿರುವುದು ಓಡುವ ಹೆಂಗಸರಲ್ಲಿ ಅಪರೂಪವಲ್ಲ. ಪರೀಕ್ಷೆಗೆ ಮೊದಲೇ ಕಬ್ಬಿಣದ ಮಾತ್ರೆ ನುಂಗಬೇಡಿ, ಅತಿಯಾದ ಕಬ್ಬಿಣವೂ ಹಾನಿಯೇ.

ಅಲ್ಲಿಯವರೆಗೆ ಒಂದು ವಾರ ಓಟ ಪೂರ್ತಿ ಬಿಡಿ, ನಡೆಯಿರಿ. ಊಟದ ಕಡಿತ ನಿಲ್ಲಿಸಿ. ಎರಡನೇ ವಾರ ಮೂರು ದಿನ 20 ನಿಮಿಷ, ಅತಿ ನಿಧಾನ. ಓಟ ಹೆಚ್ಚಿಸುವುದು, ಊಟ ಇಳಿಸುವುದು ಎರಡನ್ನೂ ಒಟ್ಟಿಗೆ ಇನ್ನೆಂದೂ ಮಾಡಬೇಡಿ. ಓಡುವ ಆಸೆ ತಾನಾಗಿ ಮರಳಿ ಬರುವುದು ಗುಣವಾಗುತ್ತಿರುವ ಒಳ್ಳೆಯ ಗುರುತು, ಅದಕ್ಕೆ ಮೂರು ವಾರ ಹಿಡಿದರೂ ಕಾಯಿರಿ. ಓಟದ ಆಸೆಯಷ್ಟೇ ಅಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲವೆನಿಸಿದರೆ ಅದನ್ನೂ ವೈದ್ಯರಿಗೆ ಬಿಡಿಸಿ ಹೇಳಿ.

ಪ್ರಶ್ನೆ: ಮೊದಲ ಹಾಫ್ ಮ್ಯಾರಥಾನ್ ಮುಗಿಸಿದೆ. ಮಾರನೇ ವಾರದಿಂದ ಮನಸ್ಸು ಖಾಲಿ ಖಾಲಿ.

ಉತ್ತರ: ತಿಂಗಳುಗಟ್ಟಲೆ ವಾರದ ದಿನಚರಿಯನ್ನು ತೀರ್ಮಾನಿಸುತ್ತಿದ್ದ ಒಂದು ತಾರೀಖು ಕ್ಯಾಲೆಂಡರಿನಿಂದ ಹೋಯಿತು, ಜೊತೆಗೆ 21.1 ಕಿ.ಮೀ.ಯ ಪೆಟ್ಟಿನಿಂದ ಸ್ನಾಯುಗಳು ಇನ್ನೂ ಸುಧಾರಿಸಿಕೊಳ್ಳುತ್ತಿವೆ. ಬಹಳ ಜನರಿಗೆ ಹೀಗಾಗುತ್ತದೆ. ಐದರಿಂದ ಏಳು ದಿನ ಓಡಬೇಡಿ. ಮುಂದಿನ ಎರಡು ವಾರ ವಾಚಿಲ್ಲದೆ 20-30 ನಿಮಿಷ. ಖಾಲಿತನ ತುಂಬಲು ಆ ವಾರದಲ್ಲೇ ಮುಂದಿನ ರೇಸಿಗೆ ಹೆಸರು ಕೊಡುವುದು ಬೇಡ. ಮುಂದಿನ ಗುರಿ ಬೇರೆ ಜಾತಿಯದಾಗಿದ್ದರೆ ಚೆನ್ನ: ಉದ್ದದ ಓಟವಾಗಿದ್ದರೆ ಈಗ 5 ಕಿ.ಮೀ.ಯ ವೇಗ, ರಸ್ತೆಯಾಗಿದ್ದರೆ ಈಗ ಕಾಲುದಾರಿ.

ಪ್ರಶ್ನೆ: ಗಂಡನ ಜೊತೆ ಓಡಲು ಇಷ್ಟ, ಆದರೆ ಅವರು ನನಗಿಂತ ಬಹಳ ಜೋರು. ನನಗೆ ಸಂಕೋಚ, ಅವರಿಗೆ ಬೇಸರ.

ಉತ್ತರ: ಜೊತೆ ಸಿಕ್ಕರೆ ಓಟ ಉಳಿಯುತ್ತದೆ, ಬಿಡಬೇಡಿ. ದೂರದ ಬದಲು ಸಮಯದ ಲೆಕ್ಕದಲ್ಲಿ ಹೋಗಿ ಬನ್ನಿ. ಒಟ್ಟಿಗೆ ಹೊರಡಿ, ಅವರವರ ವೇಗದಲ್ಲಿ ಒಂದೇ ದಾರಿಯಲ್ಲಿ 20 ನಿಮಿಷ ಮುಂದಕ್ಕೆ ಓಡಿ, ಇಬ್ಬರೂ 20ನೇ ನಿಮಿಷಕ್ಕೆ ಸರಿಯಾಗಿ ತಿರುಗಿ. ಹೋದ ವೇಗದಲ್ಲೇ ಬಂದರೆ ಇಬ್ಬರೂ 40ನೇ ನಿಮಿಷಕ್ಕೆ ಹೊರಟ ಜಾಗದಲ್ಲೇ ಸೇರುತ್ತೀರಿ. ತಿರುಗಿದ ಮೇಲೆ ಅವರು ನಿಮ್ಮ ಹಿಂದಿನಿಂದ ನಿಧಾನವಾಗಿ ಹತ್ತಿರವಾಗುತ್ತಾರೆ, ಕೊನೆಯ ಹತ್ತು ನಿಮಿಷ ಇಬ್ಬರಿಗೂ ಮಜಾ. ವಾರದಲ್ಲಿ ಒಂದು ದಿನ ಅವರ ಅತಿ ಸುಲಭದ ಓಟ ನಿಮ್ಮ ವೇಗದಲ್ಲೇ ಇರಲಿ, ಅವರಿಗೂ ಅದರಿಂದ ಲಾಭವಿದೆ. ಆ ದಿನ ಅವರು ಅರ್ಧ ಹೆಜ್ಜೆ ಮುಂದೆ ಓಡಬಾರದು ಎಂಬ ಷರತ್ತು ಹಾಕಿ. ಪಕ್ಕದವರು ಅರ್ಧ ಹೆಜ್ಜೆ ಮುಂದಿದ್ದರೆ ಗೊತ್ತಿಲ್ಲದೆ ವೇಗ ಏರುತ್ತಲೇ ಹೋಗುತ್ತದೆ.

ಪ್ರಶ್ನೆ: ನನಗೆ 56 ವರ್ಷ. ಹದಿನೈದು ವರ್ಷದ ಹಿಂದಿನ ಸಮಯ ಇನ್ನು ಬರುವುದಿಲ್ಲ ಎಂಬುದು ಖಚಿತವಾಗಿದೆ. ಏನನ್ನು ನೋಡಿಕೊಂಡು ಓಡಲಿ?

ಉತ್ತರ: ಹಳೆಯ ದಾಖಲೆ ನಿಮ್ಮದೇ, ಅದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಅದರ ಜೊತೆ ದಿನವೂ ಪೈಪೋಟಿ ಬೇಡ. 55 ತುಂಬಿದ ದಿನದಿಂದ ಹೊಸ ಪಟ್ಟಿ ತೆರೆಯಿರಿ: ಈ ವಯೋಮಾನದಲ್ಲಿ ನನ್ನ ಉತ್ತಮ 3, 5, 10 ಕಿ.ಮೀ. ಯಾವುದು ಎಂದು. ಹಿರಿಯ ಓಟಗಾರರಿಗೆಂದೇ ವಯಸ್ಸಿಗೆ ತಕ್ಕಂತೆ ಸಮಯವನ್ನು ಶೇಕಡಾ ಲೆಕ್ಕಕ್ಕೆ ತರುವ ಕೋಷ್ಟಕಗಳಿವೆ. ಅದರಲ್ಲಿ ಹಾಕಿ ನೋಡಿದರೆ ನಿಧಾನವಾದ ಸಮಯ ಹಳೆಯದಕ್ಕಿಂತ ಮೇಲಿನ ಅಂಕ ಪಡೆಯುವುದೂ ಉಂಟು.

ಎದೆಬಡಿತದ ಹಳೆಯ ಮಿತಿಗಳನ್ನೂ ಬದಲಿಸಿ. 208ರಿಂದ ವಯಸ್ಸಿನ 0.7 ಪಟ್ಟು ಕಳೆಯುವ ಅಂದಾಜು ಸೂತ್ರದಲ್ಲಿ 41ಕ್ಕೆ ಗರಿಷ್ಠ ಬಡಿತ ಸುಮಾರು 179, 56ಕ್ಕೆ ಸುಮಾರು 169. ವ್ಯಕ್ತಿಯಿಂದ ವ್ಯಕ್ತಿಗೆ ಹತ್ತು ಹೆಚ್ಚುಕಡಿಮೆ ಇರಬಹುದು. ಅಂದಿನ ‘ಸುಲಭ’ದ ಅಂಕಿಯನ್ನೇ ಇಂದೂ ಹಿಡಿದರೆ ದಿನವೂ ಕಷ್ಟದ ಓಟವಾಗುತ್ತದೆ, ಮನಸ್ಸು ಮುದುಡಲು ಅದೊಂದೇ ಸಾಕು.

ಜೋರಿನ ಓಟ 7ರಿಂದ 10 ದಿನಕ್ಕೊಮ್ಮೆ ಇರಲಿ. ವಾರಕ್ಕೆ ಎರಡು ಸಲ 20 ನಿಮಿಷ ಬಲದ ವ್ಯಾಯಾಮ: ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸುವುದು 12ರಂತೆ 3 ಸಲ, ಇಳಿಸುವಾಗ ಮೂರು ಎಣಿಸುತ್ತಾ, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು 10ರಂತೆ 3 ಸಲ, ಒಂಟಿ ಕಾಲಲ್ಲಿ 30 ಸೆಕೆಂಡು ನಿಲ್ಲುವುದು, ಎರಡೂ ಕಡೆ. ವಯಸ್ಸಾದಂತೆ ಹೆಜ್ಜೆಯ ಉದ್ದ ಕುಗ್ಗುವುದರಲ್ಲಿ ಮೀನಖಂಡದ ಬಲ ಇಳಿಯುವುದರ ಪಾಲು ದೊಡ್ಡದು, ಅದನ್ನು ಈ ವಯಸ್ಸಿನಲ್ಲೂ ಬೆಳೆಸಬಹುದು. ಎಂಟು ವಾರ ಮಾಡಿ, ಮಾಮೂಲಿ ಏರುದಾರಿಯಲ್ಲಿ ಒಮ್ಮೆ ಓಡಿ ನೋಡಿ ನಮಗೆ ಬರೆಯಿರಿ.